ಸುಶೀಲಾಬಾಯಿಯ ಗುಳಿಗೆ ಡಬ್ಬಿ

“ಕಾಕೂ, ನಿಮ್ಮ ಯಜಮಾನ್ರು ಹಿಂದ ಯಾವ್ಯಾವ ಆ್ಯಂಟಿಬಯೋಟಿಕ್ ನುಂಗ್ಯಾರ, ಸ್ವಲ್ಪ ನೆನಪು ಮಾಡಿ ಹೇಳ್ರಿ,” ಎಂದರು ಡಾಕ್ಟರ್ ರೂಪಾ. ಸಂಭಾಜಿನಗರದ ಆ ದೊಡ್ಡಾಸ್ಪತ್ರೆಯಲ್ಲಿ ಕನ್ನಡ ಬರುತ್ತಿದ್ದುದು ಕಲಬುರಗಿ ಕಡೆಯ ಅವರೊಬ್ಬರಿಗೇ.

ಸುಶೀಲಾಬಾಯಿಗೆ ಯಾರೋ ಸನ್ಮಾನಕ್ಕೆ ಕರೆದಷ್ಟು ಖುಷಿಯಾಯಿತು. ನಾಸಿಕ್‌ನ ಅಂಬಡ್‌ನಲ್ಲಿ ಬೀದರ್ ಕಡೆಯವರು ಇರುವ ಓಣಿಗೆಲ್ಲ ಆಕೆಯೇ ಅರ್ಧ ಡಾಕ್ಟರು. ಕೈಚೀಲದಿಂದ ಹಳೆಯ ಬಿಸ್ಕೀಟಿನ ತಗಡಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಅರೆಬರೆ ಖಾಲಿಯಾದ ಗುಳಿಗೆ ಪಟ್ಟಿಗಳನ್ನು ಒಡವೆ ತೋರಿಸುವ ಹಾಗೆ ಒಂದೊಂದೇ ಎತ್ತಿ ತೋರಿಸಿದಳು.

“ಈ ಕೆಂಪಂದು ಹಲ್ಲಿಗಿ. ಹಳದಿದು ನೆಗಡಿಗಿ. ಇದು ನಮ್ಮ ರುಕ್ಮಿಣಿಬಾಯಿ ಕೊಟ್ಟದ್ದು, ಆಕಿ ಮೊಮ್ಮಗಳಿಗಿ ಆರಾಮಾದ ಮ್ಯಾಲ ಉಳದಿತ್ತು. ಎಲ್ಲಾ ಕೊಟ್ಟೀನ್ರಿ ಇವರಿಗಿ. ಯಾವದ್ರಾಗೂ ಕಡಿಮಿ ಮಾಡಿಲ್ಲ.”

“ಪೂರಾ ಕೋರ್ಸ್ ಕೊಟ್ಟೀರೇನು?”

“ಪೂರಾ ಯಾಕ್ರಿ? ಎರಡು ನುಂಗಿದ್ರ ಜ್ವರ ಇಳೀತದ. ಉಳದದ್ದು ಮಂದಿಗಿ ಆಗ್ತದ.”

ಹಾಸಿಗೆಯಲ್ಲಿ ಮಲಗಿದ್ದ ಗಂಡ ಶಿವರಾಯ ಫ್ಯಾನು ನೋಡತೊಡಗಿದ. ನಾಸಿಕ್‌ನಲ್ಲಿ ಅವನ ಮೊಣಕಾಲಿಗೆ ಆಪರೇಶನ್ ಆಗಿತ್ತು. ಗಾಯ ಮಾಯುವ ಬದಲು ಕೀವು ತುಂಬಿತು. ಅಲ್ಲಿಯವರು ಬಲು ಮರ್ಯಾದೆಯಿಂದ ಇಲ್ಲಿಗೆ ಬರೆದುಕೊಟ್ಟು ಕೈ ತೊಳೆದುಕೊಂಡರು. ಆಪರೇಶನ್ನಿಗೆ ಮೊದಲು ಅಷ್ಟೇ ಶ್ರದ್ಧೆಯಿಂದ ತೊಳೆದುಕೊಂಡಿದ್ದರೋ ಇಲ್ಲವೋ, ಶಿವನೇ ಬಲ್ಲ.

“ಇವರ ಗಾಯದಾಗಿನ ಕ್ರಿಮಿ ಒಂದು ಎನ್‌ಜೈಮ್ ತಯಾರ್ ಮಾಡ್ತಾವ ಕಾಕೂ. ಕತ್ತರಿ ಇದ್ದಂಗ. ನಾವು ಹಾಕಿದ ಔಷಧಿ ಕತ್ತರಿಸಿ ಒಗೀತಾವ. ಆಸ್ಪತ್ರ್ಯಾಗ ಇಂಥವು ಭಾಳ. ಬ್ಯಾಡಾದಾಗೆಲ್ಲ ಔಷಧಿ ನುಂಗಿದ್ರ ಬಡಪಾಯಿ ಕ್ರಿಮಿ ಸಾಯ್ತಾವ, ಕತ್ತರಿ ಇದ್ದವು ಸಂಸಾರ ಹೂಡ್ತಾವ. ಮತ್ತ ಆ ಕತ್ತರಿ ಮಾಡೋ ವಿದ್ಯಾ ಬಾಜೂದ ಕ್ರಿಮಿಗೂ ಹಂಚ್ತಾವ.”

“ಪುಕ್ಕಟ?”

“ಪುಕ್ಕಟ.”

“ಥೇಟ್ ನಮ್ಮ ಓಣಿ ಮಂದಿ ಇದ್ದಂಗ ಅವ!” ಎಂದಳು ಸುಶೀಲಾಬಾಯಿ, ಮೆಚ್ಚುಗೆ ತಡೆಯಲಾಗದೆ.

“ನಿನ್ನ ಡಬ್ಬಿ ನೋಡೇ ಕಲ್ತಿರಬೇಕು,” ಎಂದ ಶಿವರಾಯ, ಫ್ಯಾನಿಗೆ.

ಡಾಕ್ಟರ್ ನಗಲಿಲ್ಲ. “ಈಗ ಒಂದೇ ಔಷಧಿ ಉಳದದ. ಅದಕ್ಕೂ ಬಗ್ಗಲಿಲ್ಲ ಅಂದ್ರ ಕಾಲು ಉಳಿಸೋದು ಕಷ್ಟ. ಕೈ ತೊಳೀದೆ ಯಾರೂ ಇವರನ್ನ ಮುಟ್ಟಬಾರದು. ಒಂದು ಇಂಜೆಕ್ಷನ್ನೂ ತಪ್ಪಬಾರದು.”

“ನಡುವೇ ಆರಾಮಾದ್ರ?”

“ಆದ್ರೂ ಪೂರಾ.”

“ಉಳದದ್ದು...”

“ಉಳಿಯಂಗಿಲ್ಲ ಕಾಕೂ!”

ಡಾಕ್ಟರ್ ಹೋದ ಮೇಲೆ ಸುಶೀಲಾಬಾಯಿ ಗಂಡನ ಕಾಲನ್ನೇ ನೋಡುತ್ತ ಕುಳಿತಳು. ಅಂಬಡ್‌ನ ಓಣಿಯಲ್ಲಿ ನಸುಕಿಗೇ ಹಾಲು ತರಲು ಟಪಟಪ ಹೋಗುತ್ತಿದ್ದ ಕಾಲು.

ಅಷ್ಟರಲ್ಲಿ ಬಾಡಿಗೆ ಜೀಪು ಮಾಡಿಕೊಂಡು ಓಣಿಯೇ ಬಂದಿಳಿಯಿತು. ರುಕ್ಮಿಣಿಬಾಯಿ ಮುಂದೆ, ಕೆಮ್ಮುತ್ತ ಖಂಡಪ್ಪ ಹಿಂದೆ, ಅವನ ಹಿಂದೆ ಉಳಿದವರು. ಬೇನೆಯವರನ್ನು ಮಾತಾಡಿಸಲು ಹೋದರೆ ಬೇನೆಯಿದ್ದ ಜಾಗ ಸವರಿ “ಅಯ್ಯ ಪಾಪ” ಅನ್ನಬೇಕು, ಇಲ್ಲದಿದ್ದರೆ ಹೋದದ್ದು ಲೆಕ್ಕಕ್ಕಿಲ್ಲ ಎಂಬುದು ಅವರ ರಿವಾಜು. ವಾರ್ಡಿನ ಬಾಗಿಲಿಂದಲೇ ಎಲ್ಲರ ಕೈ ಮುಂದಾದವು.

“ವೈನೀ, ಕೆಮ್ಮು ಬಿಡವಲ್ಲದು. ಆ ಹಳದಿದು ಎರಡು ಕೊಡ್ರಿ,” ಎಂದ ಖಂಡಪ್ಪ, ಅಂಗೈಯಲ್ಲಿ ಮೂಗು ಒರೆಸಿಕೊಂಡು.

ರೂಢಿಯ ಮೇಲೆ ಆಕೆಯ ಕೈ ಡಬ್ಬಿಗೆ ಹೋಯಿತು. ಅಲ್ಲೇ ನಿಂತಿತು.

“ಖಾಲಿ ಆಗ್ಯಾದ ಖಂಡಪ್ಪಾ.”

“ತುಂಬ ಕಾಣಸ್ತದಲ್ರಿ!”

“ಕಾಣಲಿ. ಖಾಲಿ ಅದ.”

ಖಂಡಪ್ಪನಿಗೆ ಬೇಸರವಾಯಿತು. ಬಂದ ಕೆಲಸವನ್ನಾದರೂ ಮಾಡೋಣವೆಂದು “ಅಯ್ಯ ಪಾಪ” ಎನ್ನುತ್ತ ಅದೇ ಕೈಯನ್ನು ಶಿವರಾಯನ ಬ್ಯಾಂಡೇಜಿನತ್ತ ಚಾಚಿದ. ಡಬ್ಬಿಯ ಮುಚ್ಚಳ ಅವನ ಬೆರಳ ಮೇಲೆ ಠಣ್ಣೆಂದು ಬಿತ್ತು.

“ಮೊದಲ ಕೈ ತೊಳಕೊಂಡು ಬರ್ರಿ! ಎಲ್ಲಾರೂ!”

“ಎಲ್ಲಿ ತೊಳಕೋಬೇಕವ್ವಾ?” ಎಂದಳು ರುಕ್ಮಿಣಿಬಾಯಿ. “ಬರೋವಾಗ ನೋಡೀನಿ. ನಲ್ಲಿ ಮ್ಯಾಲ ‘ಹಾತ್ ಧುವಾ’ ಅಂತ ಬೋರ್ಡ್ ಅದ, ಕೆಳಗ ನೀರಿಲ್ಲ.”

ಸುಶೀಲಾಬಾಯಿ ಒಂದು ಗಳಿಗೆ ಡಬ್ಬಿಯನ್ನೇ ನೋಡಿದಳು. ಆಮೇಲೆ ಎದ್ದು, ಕೆಂಪು, ಹಳದಿ, ರುಕ್ಮಿಣಿಬಾಯಿಯದು, ಎಲ್ಲವನ್ನೂ ನರ್ಸಿನ ಟ್ರೇಗೆ ಸುರುವಿ, ಖಾಲಿ ಡಬ್ಬಿ ಹಿಡಿದು ನೀರು ತರಲು ಮೆಟ್ಟಿಲಿಳಿದಳು.