ಬರೀ ತರಚಿದೆ ಅಷ್ಟೇ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬೆಣ್ಣೆಯಣ್ಣನ ವಿಷಯದಲ್ಲಿ ಮಾತು ಹೋಗಿದ್ದರೆ ಎಷ್ಟೋ ವಾಸಿಯಿತ್ತು. ಅದು ಹೋಗಲೇ ಇಲ್ಲ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಕೂತು, ಅಲ್ಲಿಂದ ವಿಮಾ ಕಂಪನಿಯ ಫೈಲಿಗೆ ಜಿಗಿದು, ಏಳು ತಿಂಗಳಿಂದ ಅವನ ಎದೆಯ ಮೇಲೆ ಕಾಲು ಚಾಚಿಕೊಂಡಿತ್ತು. ಆಡಿದ್ದು ಮೂರೇ ಪದ. "ಬರೀ ತರಚಿದೆ ಅಷ್ಟೇ."

ಅವನು ಕ್ಷೌರಿಕ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗಡ್ಡ ತೆಗೆಯುತ್ತಾನೆ ಎಂದು ಯಾರೋ ಗಿರಾಕಿ ಹೊಗಳಿದ್ದೇ ನೆಪ, ಅಂದಿನಿಂದ ಬೀದಿಗೆಲ್ಲ ಬೆಣ್ಣೆಯಣ್ಣನಾದ. ಜನ ಅವನ ಬಲಗೈಯನ್ನು ಹೊಗಳುತ್ತಿದ್ದರು. ಕತ್ತಿ ಹಿಡಿಯುವುದು ಅದೇ ಅಲ್ಲವೇ? ಅವನು ಒಳಗೊಳಗೇ ನಗುತ್ತಿದ್ದ. ಗುಟ್ಟೆಲ್ಲ ಇದ್ದದ್ದು ಎಡಗೈಯಲ್ಲಿ. ಎಡಗೈ ಹೆಬ್ಬೆರಳು ಕೆನ್ನೆಯ ಚರ್ಮವನ್ನು ಮೇಲಕ್ಕೆಳೆದು ಬಿಗಿ ಹಿಡಿದರೆ ಮಾತ್ರ ಕತ್ತಿ ಜಾರುತ್ತದೆ. ಸಡಿಲ ಚರ್ಮದ ಮೇಲೆ ಎಂಥ ಕತ್ತಿಯಾದರೂ ಎಡವುತ್ತದೆ.

ಹಾಳಾದದ್ದು ಆ ಎಡಗೈಯೇ. ಒಂದು ಬೆಳಿಗ್ಗೆ ಅಂಗಡಿ ತೆರೆಯಲು ಬೈಕಿನಲ್ಲಿ ಹೋಗುತ್ತಿದ್ದಾಗ, ನಿಂತಿದ್ದ ಸರಕಿನ ವ್ಯಾನಿನ ಚಾಲಕ ಹಿಂದೆ ಮುಂದೆ ನೋಡದೆ ಬಾಗಿಲು ತೆರೆದ. ಬೈಕು ಒಂದು ಕಡೆ, ಬೆಣ್ಣೆಯಣ್ಣ ಒಂದು ಕಡೆ. ಹೊಸದಾಗಿ ಜಲ್ಲಿ ಹಾಕಿದ್ದ ರಸ್ತೆಯ ಮೇಲೆ ಎಡಗೈ ಊರಿಕೊಂಡು ಔಷಧಿ ಅಂಗಡಿಯವರೆಗೂ ಉಜ್ಜಿಕೊಂಡೇ ಹೋದ. ತಲೆಗೆ ಹೆಲ್ಮೆಟ್ ಇತ್ತು, ಅವನ ತಲೆಯ ಒಂದು ಕೂದಲೂ ಕೊಂಕಲಿಲ್ಲ. ಕೈಗೆ ಹೆಲ್ಮೆಟ್ ಇರಲಿಲ್ಲ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರ್ ಒಬ್ಬ ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದಾಗಲೇ ಹೆಂಡತಿಯ ಫೋನ್ ಬಂತು. ತರಕಾರಿ ಹೆಚ್ಚುವಾಗ ಬೆರಳಲ್ಲಿ ಒಂದು ಹನಿ ರಕ್ತ ಕಂಡರೂ ಗೋಡೆ ಹಿಡಿದು ಕೂರುವ ಹೆಂಗಸು ಅವಳು. ಯಾರೋ ಆಗಲೇ ಸುದ್ದಿ ಮುಟ್ಟಿಸಿದ್ದರು, ಫೋನಿನಲ್ಲಿ ಅಳು ಬಿಟ್ಟರೆ ಮಾತಿಲ್ಲ. ಅಂಗೈಯಲ್ಲಿ ಬಿಳಿ ಬಿಳಿಯಾಗಿ ಏನೋ ಕಾಣುತ್ತಿತ್ತು, ಅದು ಮೂಳೆ ಎಂದು ಅವನಿಗೆ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಹೇಳಿದ, "ಏನಿಲ್ಲ ಕಣೇ, ಬರೀ ತರಚಿದೆ ಅಷ್ಟೇ. ಅಡುಗೆ ಮಾಡಿಡು, ಬಂದ್ಬಿಡ್ತೀನಿ."

ಆ ಅಡುಗೆ ಉಣ್ಣಲು ಅವನು ಮನೆಗೆ ಹೋದದ್ದು ಇಪ್ಪತ್ತಮೂರು ದಿನದ ಮೇಲೆ. ಅಷ್ಟರಲ್ಲಿ ಕೈಯಲ್ಲಿ ಸೇರಿಕೊಂಡಿದ್ದ ಜಲ್ಲಿಪುಡಿಯನ್ನು ಬ್ರಷ್ಷಿನಲ್ಲಿ ಉಜ್ಜಿ ತೆಗೆದಿದ್ದರು, ತೊಡೆಯ ಚರ್ಮ ತೆಗೆದು ಅಂಗೈಗೂ ಹೆಬ್ಬೆರಳಿಗೂ ಹೊಲಿದಿದ್ದರು. ಹೊಸ ಚರ್ಮ ಒಣಗುತ್ತ ಒಣಗುತ್ತ ಮುದುಡಿತು, ಹೆಬ್ಬೆರಳನ್ನು ಅಂಗೈಯೊಳಕ್ಕೆ ಎಳೆದುಕೊಂಡಿತು. ವರ್ಷ ತುಂಬುವುದರೊಳಗೆ ಇನ್ನೊಂದು ಆಪರೇಷನ್ ಮಾಡಿ ಬಿಡಿಸಬೇಕು, ತಡವಾದರೆ ಬೆರಳು ಹಾಗೇ ಗಟ್ಟಿಯಾಗುತ್ತದೆ ಎಂದು ದೊಡ್ಡ ಡಾಕ್ಟರ್ ಹೇಳಿದ್ದರು. ಅದರ ಖರ್ಚು ವ್ಯಾನಿನ ವಿಮಾ ಕಂಪನಿಯಿಂದ ಬರಬೇಕು. ಬಂದರೆ ಹೆಬ್ಬೆರಳು, ಹೆಬ್ಬೆರಳಿದ್ದರೆ ಅಂಗಡಿ. ಲೆಕ್ಕ ಅಷ್ಟು ಸರಳ.

ಕಂಪನಿಯಿಂದ ಪತ್ರ ಬಂತು. ಮೊದಲ ದಾಖಲೆಯಲ್ಲಿ ರೋಗಿಯೇ ಹೇಳಿರುವಂತೆ ಇದು ಸಾಧಾರಣ ತರಚು ಗಾಯ, ಆದ್ದರಿಂದ ಹತ್ತಿ, ಬಟ್ಟೆ, ಮುಲಾಮಿನ ವೆಚ್ಚ ಮಾತ್ರ ಕೊಡಲಾಗುವುದು. ಆ ಎಳೆಯ ಡಾಕ್ಟರ್ ಅವನು ಫೋನಿನಲ್ಲಿ ಹೆಂಡತಿಗೆ ಹೇಳಿದ್ದನ್ನೇ ಅಚ್ಚುಕಟ್ಟಾಗಿ ಬರೆದುಕೊಂಡಿದ್ದ.

ಬೆಣ್ಣೆಯಣ್ಣ ಆಸ್ಪತ್ರೆಗೆ ಓಡಿದ. ಆ ಡಾಕ್ಟರ್ ಕೆಲಸ ಬಿಟ್ಟು ಹೋಗಿದ್ದ. ದಾಖಲೆಯ ಗುಮಾಸ್ತ, "ಬರೆದದ್ದು ಬರೆದದ್ದೇ ಕಣ್ರೀ, ನಾನೇನು ರಬ್ಬರ್ ಇಟ್ಕೊಂಡು ಕೂತಿದೀನಾ?" ಎಂದ. ಕಂಪನಿಗೆ ಓಡಿದ. ಸಾಹೇಬರು ಊಟಕ್ಕೆ ಹೋಗಿದ್ದರು. ಮುಂದಿನ ಮಂಗಳವಾರ ಸಾಹೇಬರಿದ್ದರು, ಫೈಲಿರಲಿಲ್ಲ. ಅದರ ಮುಂದಿನ ಮಂಗಳವಾರ ಫೈಲಿತ್ತು, ಸಾಹೇಬರು ರಜೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ಇಲ್ಲಿ ಪೂಜಾರಿಯೇ ಕೈಗೆ ಸಿಗಲೊಲ್ಲ. ಬೆಂಚಿನ ಮೇಲೆ ಕೂತು ಕೂತು ಅವನಿಗೆ ಆ ಗೋಡೆಯ ಬಿರುಕುಗಳೆಲ್ಲ ಬಾಯಿಪಾಠವಾದವು. ರೇಗಿ ರೇಗಿ ಸಾಕಾಗಿತ್ತು. ಅದರಲ್ಲೂ ತನ್ನ ಮೇಲೆಯೇ ರೇಗುವುದು ಬಲು ಕಷ್ಟದ ಕೆಲಸ, ಎದುರು ಮಾತಾಡುವವರೂ ಇರುವುದಿಲ್ಲ.

ಕೊನೆಗೊಂದು ಮಂಗಳವಾರ ಸಾಹೇಬರೂ ಫೈಲೂ ಒಟ್ಟಿಗೆ ಸಿಕ್ಕರು. ಸಾಹೇಬರು ಬಿಡುವಿಲ್ಲದ ಮನುಷ್ಯ. ಆ ದಿನ ಅವರ ಗಲ್ಲದ ಮೇಲೆ ಕೆಂಪು ಚುಕ್ಕಿಯಿದ್ದ ಒಂದು ಚೂರು ಕಾಗದ ಅಂಟಿಕೊಂಡಿತ್ತು.

"ಎಡಗೈ ತಾನೇ?" ಎಂದರು ಫೈಲಿನಿಂದ ತಲೆಯೆತ್ತದೆ. "ನೀವು ಕ್ಷೌರ ಮಾಡೋದು ಬಲಗೈಲಿ. ಅದು ಚೆನ್ನಾಗೇ ಇದೆಯಲ್ಲ?"

"ಸಾರ್, ಇವತ್ತು ಗಡ್ಡ ನೀವೇ ಮಾಡ್ಕೊಂಡ್ರಾ?"

ಸಾಹೇಬರು ಗಲ್ಲ ಮುಟ್ಟಿಕೊಂಡರು. "ಹೌದು, ಯಾಕೆ?"

"ಎಡಗೈಲಿ ಚರ್ಮ ಎಳೆದು ಹಿಡಿದಿಲ್ಲ. ಅದಕ್ಕೇ ಕಚ್ಚಿದೆ. ಅದು ನೋಡಿ ಸಾರ್, ತರಚಿದ್ದು ಅಂದ್ರೆ. ಒಂದ್ಸಲ ಪಟಿಕ ಉಜ್ಜಿದ್ರೆ ನಿಂತೋಗುತ್ತೆ. ಇಪ್ಪತ್ತು ವರ್ಷದಿಂದ ಚರ್ಮ ನೋಡಿದೀನಿ ನಾನು. ನನ್ನ ಅಂಗಡೀಲಿ ನಾಲ್ಕು ಕನ್ನಡಿ ಇದೆ, ಅಂಗೈ ಹುಣ್ಣಿಗೆ ಅದರಲ್ಲಿ ಒಂದೂ ಬೇಡ."

ಸಾಹೇಬರಿಗೆ ನಗು ಬಂತೋ ಸಿಟ್ಟು ಬಂತೋ, ಕಾಗದದ ಚೂರನ್ನು ಕಿತ್ತು ಬುಟ್ಟಿಗೆ ಹಾಕಿದರು. "ನಂಗೆ ಬೇಕು ಕನ್ನಡಿ. ನನ್ನ ಕನ್ನಡಿ ಈ ಫೈಲು. ಆ ಮಾತು ಡಾಕ್ಟರಿಗೆ ಹೇಳಿದ್ದಲ್ಲ, ಹೆಂಡತಿಗೆ ಹೇಳಿದ್ದು ಅಂತೀರಲ್ಲ, ಅವರನ್ನ ಕರ್ಕೊಂಡು ಬನ್ನಿ. ಬರೆದು ಕೊಡ್ಲಿ. ಮೇಲಿನವರಿಗೆ ಕಳಿಸ್ತೀನಿ."

ತಾನು ತೋಡಿದ ಹಳ್ಳ ಇಷ್ಟು ಆಳವಿದೆಯೆಂದು ಅವನಿಗೆ ಆಗ ತಿಳಿಯಿತು. ಹೆಂಡತಿ ಆ ಕೈಯನ್ನು ಇನ್ನೂ ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸುವಾಗ ನರ್ಸು ಅವಳನ್ನು ಹೊರಗೆ ಕಳಿಸುತ್ತಿದ್ದಳು. ಮನೆಗೆ ಬಂದ ಮೇಲೆ ಉದ್ದ ತೋಳಿನ ಅಂಗಿ, ಕೈಗೆ ಬಿಗಿ ಗವಸು. ಸ್ನಾನಕ್ಕೂ ಬಾಗಿಲು ಹಾಕಿಕೊಂಡೇ ಒದ್ದಾಡುತ್ತಿದ್ದ. ಕೇಳಿದಾಗಲೆಲ್ಲ "ಸ್ವಲ್ಪ ತುರಿಸುತ್ತೆ ಅಷ್ಟೇ" ಎನ್ನುತ್ತಿದ್ದ. ಅವಳು ಅದನ್ನು ನಂಬಿ, ಪ್ರತಿ ಶುಕ್ರವಾರ ಅಂಗಡಿಯ ಬೀಗ ತೆಗೆದು, ನಾಲ್ಕೂ ಕನ್ನಡಿ ಒರೆಸಿ, ಕತ್ತಿಗೆ ಎಣ್ಣೆ ಸವರಿ ಬರುತ್ತಿದ್ದಳು.

ಎರಡು ವಾರ ಹೇಳದೇ ಇದ್ದ. ಆಪರೇಷನ್ನಿಗೆ ಉಳಿದಿದ್ದ ತಿಂಗಳುಗಳು ಕರಗುತ್ತಿದ್ದವು. ಮೂರನೆಯ ಮಂಗಳವಾರ ಹೇಳಿದ, "ಒಂದು ಸಹಿ ಹಾಕ್ಬೇಕಂತೆ, ಬರ್ತೀಯಾ?"

ಸಾಹೇಬರ ಎದುರು ಕೂತು ಅವಳು ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಹೇಳಿದಳು. "ಹೌದು ಸಾರ್, ನಂಗೇ ಹೇಳಿದ್ದು. ನಾನು ಹೆದರ್ತೀನಿ ಅಂತ. ನಾನು ಆವತ್ತು ಅಡುಗೆನೂ ಮಾಡಿಟ್ಟಿದ್ದೆ." ಸಾಹೇಬರು ಅದನ್ನೆಲ್ಲ ಬರೆದುಕೊಂಡು, "ಎಲ್ಲಿ, ಕೈ ತೋರಿಸಿ" ಎಂದರು.

"ಇವಳು ಹೊರಗಿರಲಿ ಸಾರ್."

"ನಾನೆಲ್ಲೂ ಹೋಗಲ್ಲ" ಎಂದಳು ಅವಳು.

ಬೆಣ್ಣೆಯಣ್ಣ ಅಂಗಿಯ ತೋಳು ಮೇಲೇರಿಸಿ, ಹಲ್ಲಿನಿಂದ ಗವಸಿನ ಪಟ್ಟಿ ಎಳೆದು ಅದನ್ನು ಕಳಚಿದ. ಮೊಣಕೈಯಿಂದ ಕೆಳಗೆ ಕೆಂಪು, ಕಂದು, ಬಿಳಿ ತೇಪೆ, ಎಳೆದು ಕಟ್ಟಿದ ಚೀಲದ ಬಾಯಿಯ ಹಾಗೆ ಮುದುಡಿದ ಅಂಗೈ, ಅದರೊಳಗೆ ಮಡಿಚಿಕೊಂಡ ಹೆಬ್ಬೆರಳು. ಅವನು ಹೆಂಡತಿಯ ಕುರ್ಚಿ ಹಿಡಿಯಲು ಬಲಗೈ ಚಾಚಿದ. ಅವಳು ಬೀಳಲಿಲ್ಲ. ಮುಖ ಮಾತ್ರ ಸುಣ್ಣದಂತಾಯಿತು.

"ಇದಾ ತುರಿಸೋದು?" ಎಂದಳು. ಏಳು ತಿಂಗಳಲ್ಲಿ ಅವನು ಕೇಳಿದ ಅತ್ಯಂತ ಸಿಟ್ಟಿನ ಮಾತು ಅದು.

ಸಾಹೇಬರು ಕೆಮ್ಮಿ, ಹೇಳಿಕೆಯ ಹಾಳೆಯನ್ನು ಮುಂದೆ ತಳ್ಳಿದರು. ಪರಿಹಾರ ಕೇಳಿದವನೂ ಅದರ ಕೆಳಗೆ ಬಲಗೈಯಲ್ಲಿ ಸಹಿ ಹಾಕಿ, ಪಕ್ಕದಲ್ಲಿ ಎಡ ಹೆಬ್ಬೆಟ್ಟಿನ ಗುರುತು ಒತ್ತಬೇಕು, ಅದು ನಿಯಮ. ಮಡಿಚಿದ ಹೆಬ್ಬೆರಳನ್ನು ಬಲಗೈಯಿಂದ ಎಬ್ಬಿಸಿ, ಶಾಯಿಗೆ ಅದ್ದಿ ಒತ್ತಿದ. ನೋವಿಗೆ ಕಣ್ಣಲ್ಲಿ ನೀರು ಬಂತು. ಕಾಗದದ ಮೇಲೆ ಒಂದು ನೀಲಿ ಮಚ್ಚೆ ಮೂಡಿತು.

"ಸರಿಯಾಗಿ ಒತ್ತಿ, ಗೆರೆ ಬಂದಿಲ್ಲ."

ಮತ್ತೆ ಒತ್ತಿದ. ಮತ್ತೆ ಮಚ್ಚೆ. ಮೂರನೆಯದೂ ಮಚ್ಚೆಯೇ.

"ಹೀಗಿದ್ರೆ ತಗೊಳ್ಳಕ್ಕೆ ಬರಲ್ಲ. ಹೆಬ್ಬೆಟ್ಟಿನ ಗುರುತು ಸ್ಪಷ್ಟ ಇರ್ಬೇಕು ಅಂತ ನಿಯಮ..." ಸಾಹೇಬರ ಮಾತು ಅಲ್ಲಿಗೇ ನಿಂತಿತು. ತೊಡೆಯ ಚರ್ಮದಲ್ಲಿ ಗೆರೆ ಎಲ್ಲಿಂದ ಬರಬೇಕು?

ಹೆಂಡತಿ ಎದ್ದು, ತನ್ನ ಹೆಬ್ಬೆರಳನ್ನು ಶಾಯಿಗೆ ಅದ್ದಿ, ಆ ಮೂರು ಮಚ್ಚೆಗಳ ಪಕ್ಕದಲ್ಲಿ ಒತ್ತಿದಳು. ಗೆರೆಯ ಮೇಲೆ ಗೆರೆ, ಸುಳಿಯೊಳಗೆ ಸುಳಿ ಎದ್ದು ಕಂಡಿತು.

"ಇದು ಹೆಬ್ಬೆಟ್ಟು ಸಾರ್. ಅವರದ್ದೂ ಹೀಗೇ ಇತ್ತು. ತರಚಿದ್ರೆ ವಾರದಲ್ಲಿ ಗೆರೆ ವಾಪಸ್ ಬರುತ್ತೆ, ನಾನೂ ಎಷ್ಟು ಸಲ ಬೆರಳು ಹೆಚ್ಕೊಂಡಿಲ್ಲ? ಇದು ಬರುತ್ತೇನು, ನೀವೇ ಹೇಳಿ."

ಸಾಹೇಬರು ಆ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಕೈ ತಮಗರಿವಿಲ್ಲದೆ ಗಲ್ಲದ ಮೇಲೆ ಅಂದು ಕಾಗದ ಅಂಟಿದ್ದ ಜಾಗವನ್ನು ಸವರುತ್ತಿತ್ತು, ಅಲ್ಲೀಗ ಕಲೆಯೂ ಇರಲಿಲ್ಲ. ಆಮೇಲೆ ಫೈಲು ತೆರೆದು 'ಸಾಧಾರಣ ತರಚು ಗಾಯ' ಎಂಬಲ್ಲಿ ಒಂದು ಅಡ್ಡಗೆರೆ ಎಳೆದು, ಮೇಲೆ 'ತೀವ್ರ, ಶಾಶ್ವತ ಊನ' ಎಂದು ಬರೆದು ಮೊಹರು ಒತ್ತಿದರು. ಆಪರೇಷನ್ನಿನ ಅಂದಾಜು ಪತ್ರವನ್ನೂ ಅದಕ್ಕೆ ಲಗತ್ತಿಸಿದರು. "ಮೇಲಿನವರ ಸಹಿ ಆಗ್ಬೇಕು. ಮುಂದಿನ ಮಂಗಳವಾರ ಬನ್ನಿ" ಎಂದರು. ಈ ಸಲ ಅವರು ಅದನ್ನು ತಲೆಯೆತ್ತಿ ಹೇಳಿದರು.

ಮತ್ತೊಂದು ಮಂಗಳವಾರ! ಬೆಣ್ಣೆಯಣ್ಣನಿಗೆ ಆ ಮೇಜನ್ನು ಮಗುಚಿ ಹಾಕಬೇಕೆನಿಸಿತು. ಹೆಂಡತಿ ಗವಸು ಎತ್ತಿಕೊಂಡು ಅವನನ್ನು ಹೊರಗೆ ಕರೆತಂದಳು. ಮೆಟ್ಟಿಲ ಮೇಲೆ ಕೂರಿಸಿ, ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಸೆರಗಿನ ಅಂಚಿನಿಂದ ಹೆಬ್ಬೆರಳ ಶಾಯಿ ಒರೆಸತೊಡಗಿದಳು. ಅವಳ ಕಣ್ಣು ಬೇರೆ ಕಡೆ ಹೊರಳಲಿಲ್ಲ.

"ನೋವಾಗುತ್ತಾ ರೀ?"

"ಏನಿಲ್ಲ ಕಣೇ, ಬರೀ..."

ಅವಳು ತಲೆಯೆತ್ತಿ ನೋಡಿದಳು. ಅವನು ಬಾಯಿಗೆ ಬಂದ ಮಾತನ್ನು ನುಂಗಿಕೊಂಡ.

"ಆಗುತ್ತೆ" ಎಂದ. "ತುಂಬಾ ನೋವಾಗುತ್ತೆ ಕಣೇ. ಮೊದಲ ದಿನದಿಂದಲೂ."