ತಿಜಾನಿ ಕಾಕಾ ನೋಡಬೇಕಾದ ನೀರು

ನಮ್ಮ ತೋಟದ ಗಡಿಯಲ್ಲಿ ಹೂತ ಕರಿ ಪೈಪು ಒಮ್ಮೆ ಮೇಲೆದ್ದು, ಪುಟ್ಟ ಕಲ್ಲುತೊಟ್ಟಿಗೆ ನೀರು ಸುರಿಯುತ್ತದೆ. ಅಲ್ಲಿಂದ ನೀರು ಮತ್ತೆ ಪೈಪಿಗಿಳಿದು ಮುಂದೆ ಹೋಗುತ್ತದೆ. ತೊಟ್ಟಿ ಕಿತ್ತು ಪೈಪು ಜೋಡಿಸೋಣ ಎಂದು ಮಗಳು ರೀಮ್ ನನ್ನ ತಲೆ ತಿನ್ನುತ್ತಾಳೆ. ನೀರು ದಂಡವಂತೆ. ಆಗಲಿ ಬಿಡಿ!

ನಾನು ಮರಳುಗಾಡಿನ ಅಂಚಿನ ನೆಫ್ತಾ ಊರಿನ ಈ ಖರ್ಜೂರದ ತೋಟಕ್ಕೆ ಸೊಸೆಯಾಗಿ ಬಂದಾಗ ಇದ್ದದ್ದು ಮಣ್ಣಿನ ಕಾಲುವೆ. ಸರದಿಯಂತೆ ತೋಟತೋಟಕ್ಕೆ ಬರುವ ಪಾಳಿಯ ನೀರು ಎಲ್ಲರ ಕಣ್ಣೆದುರೇ ಹರಿಯಬೇಕು. ಕಾಣದಂತೆ ನೀರು ಒಯ್ದವನನ್ನು ಜನ ಕಳ್ಳನೆಂದೇ ನೋಡುತ್ತಿದ್ದರು. ಆದರೆ ಅರ್ಧ ನೀರನ್ನು ಕಾಲುವೆಯೇ ಕುಡಿಯುತ್ತಿತ್ತು. ಕೊನೆಯ ಮೂಲೆಯಲ್ಲಿ ನನ್ನ ದಾಳಿಂಬೆ ಸಸಿಗಳಿದ್ದವು. ಅವ್ವನ ಅಂಗಳದ ಗಿಡದಿಂದ ತಂದ ಕಡ್ಡಿಗಳು ಅವು. ಅವ್ವನೂ ಹೋದಳು, ಆ ಗಿಡವೂ ಒಣಗಿತು. ತವರೆಂದು ನನಗೆ ಉಳಿದದ್ದು ಅಷ್ಟೇ.

ನಾನು ಕೊಡ ಹೊತ್ತು ಹೈರಾಣಾಗುವುದನ್ನು ನೋಡಲಾರದೆ ನನ್ನ ಗಂಡ ಲಜ್‌ಹರ್ ಪೇಟೆಯಿಂದ ಕರಿ ಪೈಪಿನ ಸುರುಳಿ ತಂದ.

"ಬಿಳೀದು ಅಗ್ಗ ಇತ್ತು. ನಮ್ಮ ಬಿಸಿಲಿಗೆ ಹಪ್ಪಳ ಆಗಿ ಒಡೀತದ. ಇದು ನೋಡು, ಬಾಗ್ತದ, ಮುರಿಯಂಗಿಲ್ಲ," ಎಂದು ಮೀಸೆ ತಿರುವಿದ. ಮೊಳದಾಳ ಹೂಳಬೇಕೆಂದು ಅಂಗಡಿಯವ ಹೇಳಿದ್ದನಂತೆ.

ಗುದ್ದಲಿ ಎತ್ತುವಷ್ಟರಲ್ಲಿ ಪಕ್ಕದ ತೋಟದ ತಿಜಾನಿ ಕಾಕಾ ಕೋಲೂರುತ್ತ ಬಂದ.

"ಏನೋ, ಹೆಣ ಹೂಳಾಕತ್ತೀಯೇನು? ಮಣ್ಣೊಳಗ ನೀ ಯಾರ ಪಾಳಿ ನೀರು ನಿನ್ನ ಗಿಡಕ್ಕ ಕುಡಿಸ್ತೀ ಅಂತ ನನಗ ಹ್ಯಾಂಗ ತಿಳೀಬೇಕು?"

"ಕಾಕಾ, ನಾ ಕಳ್ಳನೇನು?"

"ಅಲ್ಲ. ಅದಕ್ಕ ಮ್ಯಾಲೆ ಹಾಕು!"

ಮರ್ಯಾದೆಗಂಜಿ ಗಂಡ ಪೈಪನ್ನು ಬಯಲಲ್ಲೇ ಹಾಸಿದ. ಹೊರಗಿದ್ದರೂ ನೀರು ಕಾಣುವುದಿಲ್ಲ ಎನ್ನುವುದು ಇಬ್ಬರ ತಲೆಗೂ ಹೊಳೆಯಲಿಲ್ಲ, ನೋಡಿ! ನಮ್ಮ ಪಾಳಿ ಬಂದದ್ದು ಸುಡುಬೇಸಗೆಯ ಮಧ್ಯಾಹ್ನಗಳಲ್ಲಿ. ಒಂದೆರಡು ಪಾಳಿಗೇ ಸಸಿಗಳು ಬಾಡಿ ಜೋತುಬಿದ್ದವು. ನಾನು ಗಡಿಯಲ್ಲಿ ನಿಂತು ಕೂಗಿದೆ:

"ಬಾ ಕಾಕಾ, ನೋಡೂದು ಸಾಕು, ಮುಟ್ಟು!"

ಆತ ಪೈಪಿನ ಬಾಯಿಗೆ ಕೈಯೊಡ್ಡಿ, "ಅಯ್ಯಯ್ಯೋ!" ಎಂದು ಹಿಂದಕ್ಕೆಳೆದುಕೊಂಡ. ಬಿಸಿಲಿಗೆ ಕಾದ ಕರಿ ಪೈಪಿನೊಳಗಿನ ನೀರು ಚಹಾಕ್ಕೆ ಕುದಿಸಿದ ನೀರಿನಂತೆ ಸುಡುತ್ತಿತ್ತು. ಸಸಿಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಬಾಡಿದ ಎಲೆಯೊಂದನ್ನು ಬೆರಳಲ್ಲಿ ಎತ್ತಿ ನೋಡಿದ.

"ನಿಮ್ಮವ್ವನ ಗಿಡ ಏನವ್ವಾ ಇವು?"

"ಹೂಂ."

ಮರುದಿನ ಬೆಳಕು ಹರಿಯುವ ಮುಂಚೆ ತೋಟದಲ್ಲಿ ಗುದ್ದಲಿಯ ಸದ್ದು. ಕಾಕಾ ತಾನೇ ಅಗೆಯುತ್ತಿದ್ದ! ಪೈಪು ಮಣ್ಣಿಗಿಳಿಯಿತು. ಗಡಿಯಲ್ಲಿ ಮಾತ್ರ ಈ ತೊಟ್ಟಿ ಕಟ್ಟಿದ.

"ಇಲ್ಲಿ ನಾ ನೋಡ್ತೀನಿ. ಮುಂದ ನಿನ್ನ ಗಿಡ ನೋಡಲಿ."

ಎರಡು ಸಸಿ ಸತ್ತವು, ಒಂದು ಚಿಗುರಿತು. ಅಂದಿನಿಂದ ಪ್ರತಿ ಪಾಳಿಗೂ ಕಾಕಾ ಬಂದು ತೊಟ್ಟಿಯಲ್ಲಿ ಕೈಯಾಡಿಸುತ್ತಿದ್ದ. "ಕದ್ದೀಯೇನವ್ವಾ ಇವತ್ತು?" ಎನ್ನುತ್ತಿದ್ದ. "ಕದ್ದೀನಿ, ಹಿಡಿ ನೋಡೋಣು!" ಎಂದು ನಾನು ಚಹಾ ಕೊಡುತ್ತಿದ್ದೆ. ಗಂಡ ನಗುತ್ತಿದ್ದ. ಎಂಥ ದಿನಗಳವು! ಇಬ್ಬರೂ ಈಗ ಇಲ್ಲ.

ನಿನ್ನೆ ರೀಮ್ ಮತ್ತೆ ಶುರುಮಾಡಿದಳು. "ಅವ್ವಾ, ಈಗ ಯಾರು ಬರ್ತಾರ ನೋಡಾಕ?"

ಪಾಳಿಯ ನೀರು ತೊಟ್ಟಿಗೆ ಬಂದು ಬಿತ್ತು. ಕೈಯಿಟ್ಟೆ, ತಣ್ಣಗಿತ್ತು. ಬದುಕುಳಿದ ಆ ಗಿಡದ ದಾಳಿಂಬೆಯೊಂದನ್ನು ಒಡೆದು ಅರ್ಧ ಮಗಳ ಕೈಗಿಟ್ಟೆ.

"ನೀ ಕೂಡು ಇಲ್ಲಿ," ಎಂದೆ. "ಕದ್ದೀಯೇನವ್ವಾ ಅಂತ ಕೇಳು ನನ್ನ."