ಬೆರಳಚ್ಚಿನಮ್ಮನ ಸಾಕ್ಷಿ

ಆಕೆ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಬೆರಳಚ್ಚು ಮಾಡಿದವಳು. ಕಿವಿಗೆ ಬಿದ್ದ ಮಾತನ್ನು ಅಕ್ಷರ ತಪ್ಪದೆ ಹಿಡಿದಿಟ್ಟುಕೊಳ್ಳುವುದು ಅವಳ ಕಸುಬು. ಯಾರು ತನಗೇನು ಮಾಡಿದರೆಂದು ಮರೆಯದಿರುವುದು ಅವಳ ಸ್ವಭಾವ. ಕೆಲಸ ಬಿಟ್ಟ ಮೇಲೂ ಬೀದಿಯವರಿಗೆಲ್ಲ ಆಕೆ ಬೆರಳಚ್ಚಿನಮ್ಮನೇ.

ನಿವೃತ್ತಿಯ ಮರುವರ್ಷವೇ ಪಾರ್ಕಿನ್ಸನ್ ಕಾಯಿಲೆ ಶುರುವಾಯಿತು. ಮೊದಲು ಬಲಗೈ ನಡುಗಿತು, ಆಮೇಲೆ ದನಿ ಸಣ್ಣದಾಯಿತು, ಕೊನೆಗೆ ಕಾಲು ಕೈಕೊಟ್ಟಿತು. ಹೊಸ್ತಿಲು ಕಂಡರೆ ಸಾಕು, ಪಾದಕ್ಕೆ ಅಂಟು ಬಳಿದಂತೆ ನಿಂತುಬಿಡುವಳು. ಮನೆಯ ಮುಂದಿನ ಕೋಣೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ತಂಗಿ ಕೆಲಸದ ನಡುವೆಯೇ ಕೂಗುವಳು: "ಅಕ್ಕ, ಬೇರು ಬಿಟ್ಟೆಯಾ? ನೀರು ಹಾಕ್ಲಾ?"

ತಂಗಿಯೇ ಅವಳನ್ನು ನಡಿಗೆ ಕೇಂದ್ರಕ್ಕೆ ಕರೆದೊಯ್ದದ್ದು. ಅಲ್ಲಿ ಒಂದು ಯಂತ್ರವಿತ್ತು. ಸೊಂಟಕ್ಕೆ ಬಿಗಿಯುವ ಅಗಲವಾದ ಬೆಲ್ಟು, ಅದರ ಎರಡೂ ಪಕ್ಕದಲ್ಲಿ ಮುಷ್ಟಿಗಾತ್ರದ ಮೋಟಾರು, ಅಲ್ಲಿಂದ ತೊಡೆಗೆ ಇಳಿದ ಎರಡು ಪಟ್ಟಿ. ಕಾಲೆತ್ತುವ ಹೊತ್ತಿಗೆ ಸರಿಯಾಗಿ ಅದು ತೊಡೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಿತ್ತು. ಅದನ್ನು ಕಟ್ಟಿ, ಹೊಂದಿಸಿ, ಜೊತೆಯಲ್ಲೇ ನಡೆಯುವವಳು ಒಬ್ಬ ತರುಣಿ. ಎಲ್ಲರೂ ಅವಳನ್ನು ಬೆಲ್ಟ್ ಹುಡುಗಿ ಎನ್ನುತ್ತಿದ್ದರು. ಕೇಂದ್ರ ನಡೆಸುತ್ತಿದ್ದವರು ದೊಡ್ಡ ಡಾಕ್ಟರು.

ಮೊದಲ ದಿನ ಬೆಳಿಗ್ಗೆ, ಮೈ ಸಡಿಲಿಸುವ ಮಾತ್ರೆ ತೆಗೆದುಕೊಳ್ಳದೆ ಬರಬೇಕೆಂದು ಡಾಕ್ಟರು ಹೇಳಿದ್ದರು. ಅಳತೆ ಸರಿಯಾಗಿ ಸಿಗುತ್ತದಂತೆ. ಬೆಲ್ಟು ಕಟ್ಟದೆ ಅವಳನ್ನು ಉದ್ದನೆಯ ಓಣಿಯಲ್ಲಿ ನಡೆಸಿದರು. ಕ್ಯಾಮೆರಾ ಓಡುತ್ತಿತ್ತು. ನಾಲ್ಕನೇ ಹೆಜ್ಜೆಗೆ ಕಾಲು ನೆಲಕ್ಕೆ ಅಂಟಿತು, ಮೈ ಮುಂದೆ ಹೋಯಿತು, ಮುಖ ಅಡಿಯಾಗಿ ಬಿದ್ದಳು. ಬಟ್ಟೆ ಒದ್ದೆಯಾಯಿತು. ಓಡಿಬಂದ ಹುಡುಗಿಯನ್ನು ಡಾಕ್ಟರು ಕೈ ಅಡ್ಡ ಹಿಡಿದು ತಡೆದರು.

"ಎಬ್ಬಿಸಬೇಡ. ಇನ್ನೊಂದು ಹತ್ತು ಸೆಕೆಂಡ್ ಇರಲಿ."

ಆಮೇಲೆ ವಿಡಿಯೋಗೆ ಒಪ್ಪಿಗೆಯ ಕಾಗದವೊಂದಕ್ಕೆ ಸಹಿ ಹಾಕಿಸಿಕೊಂಡರು. "ನಮ್ಮ ಫೈಲಿಗೆ ಮಾತ್ರ, ಅಮ್ಮಾ."

ಅವಳು ಆ ಅವಮಾನವನ್ನು ಉಗುಳು ನುಂಗಿದಂತೆ ನುಂಗಿಕೊಂಡಳು. ಯಾಕೆಂದರೆ ಬೆಲ್ಟು ನಿಜಕ್ಕೂ ಕೆಲಸ ಮಾಡಿತು. ಹನ್ನೆರಡು ವಾರ ಕಳೆಯುವಷ್ಟರಲ್ಲಿ ಅದನ್ನು ಕಟ್ಟಿಕೊಂಡು ಬಾಗಿಲು ದಾಟಿದಳು, ತಿರುಗಿದಳು, ಮೆಟ್ಟಿಲು ಹತ್ತಿದಳು. ಬಿಚ್ಚಿಟ್ಟ ಮೇಲೂ ಎರಡು ಮೂರು ಗಂಟೆ ಕಾಲು ಹಗುರವಾಗಿರುತ್ತಿತ್ತು. "ದೊಡ್ಡಮ್ಮ, ಇನ್ನು ನಾನೇ ನಿಮ್ಮ ಹಿಂದೆ ಓಡಬೇಕು" ಎಂದು ಹುಡುಗಿ ನಗುವಳು.

ಒಂದು ಮಧ್ಯಾಹ್ನ ಅಂಗಡಿಗೆ ಬಂದ ಗಿರಾಕಿಯೊಬ್ಬ ತಂಗಿಗೆ ಫೋನು ತೋರಿಸಿದ. "ಇದು ನಿಮ್ಮಕ್ಕ ಅಲ್ವಾ?"

ಕೇಂದ್ರದ ಜಾಹೀರಾತು. ಎಡಗಡೆ, ನೆಲದ ಮೇಲೆ ಒದ್ದೆ ಬಟ್ಟೆಯಲ್ಲಿ ಬಿದ್ದ ಅಕ್ಕ. ಬಲಗಡೆ, ಬೆಲ್ಟು ಕಟ್ಟಿಕೊಂಡು ನಗುತ್ತ ನಡೆಯುವ ಅಕ್ಕ. ಮುಖ ಮರೆಮಾಡಿರಲಿಲ್ಲ. ಮಾತು ತೆಗೆದು ಸಂಗೀತ ಹಾಕಿದ್ದರು. ಲಕ್ಷಗಟ್ಟಲೆ ಜನ ನೋಡಿದ್ದರು.

ಬೆರಳಚ್ಚಿನಮ್ಮ ಅದನ್ನು ಎರಡು ಸಲ ನೋಡಿದಳು. ಅಳಲಿಲ್ಲ. ಮರುದಿನ ಕೇಂದ್ರಕ್ಕೆ ಹೋಗಿ, ತೆಗೆಯಿರಿ ಎಂದು ಕೇಳಿದಳು.

"ನೀವೇ ಸಹಿ ಹಾಕಿದ್ದೀರಲ್ಲಮ್ಮಾ," ಡಾಕ್ಟರು ನಕ್ಕರು. "ಎಷ್ಟು ಜನಕ್ಕೆ ಧೈರ್ಯ ಬಂದಿದೆ ಗೊತ್ತಾ? ಸಣ್ಣ ಮಗು ಥರ ಹಟ ಮಾಡಬಾರದು." ಹಾಗೆನ್ನುತ್ತ ಅವಳ ಕೆನ್ನೆ ತಟ್ಟಿದರು. ಮುಂದಿನ ತಿಂಗಳು ಬೇರೆ ಬೇರೆ ಆಸ್ಪತ್ರೆಗಳಿಂದ ಅತಿಥಿಗಳು ಬರುತ್ತಾರೆ, ಅವರೆದುರು ನೀವೇ ನಡೆದು ತೋರಿಸಬೇಕು, ಎರಡು ಒಳ್ಳೆಯ ಮಾತಾಡಬೇಕು ಎಂದೂ ಸೇರಿಸಿದರು.

"ಆಗಲಿ," ಎಂದಳು.

ಆ ತಿಂಗಳಿಡೀ ಬೆಣ್ಣೆಯಂತಿದ್ದಳು. ಒಂದು ದಿನವೂ ತಪ್ಪಿಸದೆ ಅಭ್ಯಾಸಕ್ಕೆ ಹೋದಳು. ಕೆನ್ನೆಯ ಆ ಜಾಗ ಮಾತ್ರ ಉರಿಯುತ್ತಲೇ ಇತ್ತು.

ಅತಿಥಿಗಳು ಬರುವ ದಿನ ಬೆಳಿಗ್ಗೆ ತಂಗಿ ಮಾತ್ರೆ ತಂದರೆ ಅವಳು ಬಾಯಿ ತೆರೆಯಲಿಲ್ಲ.

"ನಿನ್ನೆ ರಾತ್ರಿದೂ ಹಾಗೇ ಇದೆ. ಏನ್ ಮಾಡ್ತಿದ್ದೀಯ ಅಕ್ಕ?"

"ಮೊದಲ ದಿನ ಹೇಗೆ ಹೋಗಿದ್ನೋ, ಹಾಗೇ ಹೋಗ್ತೀನಿ."

"ಮೂಗಿನ ಮೇಲಿನ ಸಿಟ್ಟಿಗೆ ಮೂಗೇ ಕೊಯ್ಕೋತೀಯಾ? ಬಿದ್ರೆ ಸೊಂಟ ಮುರಿಯುತ್ತೆ."

"ನೀನು ಪಕ್ಕದಲ್ಲಿರು. ಹಿಡ್ಕೋ. ಆದರೆ ಮಾತಾಡಬೇಡ."

ಸಭಾಂಗಣ ತುಂಬಿತ್ತು. ಅವಳ ದನಿ ಸಣ್ಣದೆಂದು ಡಾಕ್ಟರೇ ಕೊರಳಪಟ್ಟಿಗೆ ಮೈಕು ಸಿಕ್ಕಿಸಿದರು. ಹಿಂದಿನ ಪರದೆಯ ಮೇಲೆ ಅದೇ ವಿಡಿಯೋ ಓಡಿತು; ಜನ ಚಪ್ಪಾಳೆ ತಟ್ಟಿದರು. ಬೆಲ್ಟ್ ಹುಡುಗಿ ಪಟ್ಟಿ ಬಿಗಿದು ಮೋಟಾರು ಚಾಲೂ ಮಾಡಿದಳು. ಮೊದಲನೇ ಹೆಜ್ಜೆ. ಎರಡನೆಯದು ಅರ್ಧಕ್ಕೇ ನಿಂತಿತು. ಮೋಟಾರು ತಳ್ಳಿತು, ತೊಡೆ ಅದುರಿತು, ಪಾದ ಕದಲಲಿಲ್ಲ. ಹುಡುಗಿ ಬಾಗಿ ಪಟ್ಟಿಯನ್ನು ಮತ್ತೆ ಹೊಂದಿಸಿದಳು.

ಡಾಕ್ಟರು ಬಾಗಿ ಪಿಸುಗುಟ್ಟಿದರು. "ಮಾತ್ರೆ ತಗೊಂಡಿದ್ದೀರಾ?"

ಆ ಪಿಸುಮಾತು ಸಭಾಂಗಣದ ಮೂಲೆಮೂಲೆಗೂ ಕೇಳಿಸಿತು.

"ಇಲ್ಲ," ಎಂದಳು ಬೆರಳಚ್ಚಿನಮ್ಮ. "ಆ ವಿಡಿಯೋ ತೆಗೆದ ದಿನವೂ ತಗೊಂಡಿರಲಿಲ್ಲ. ಬಿಟ್ಟು ಬನ್ನಿ ಅಂದಿದ್ದು ನೀವು. ನಾನು ಬಿದ್ದಾಗ ಈ ಹುಡುಗಿ ಎತ್ತೋಕೆ ಬಂದ್ಲು. ನೀವು ಹೇಳಿದ ಮಾತು: ಎಬ್ಬಿಸಬೇಡ, ಇನ್ನೊಂದು ಹತ್ತು ಸೆಕೆಂಡ್ ಇರಲಿ. ಸಹಿ ಹಾಕಿಸುವಾಗ ಹೇಳಿದ ಮಾತು: ನಮ್ಮ ಫೈಲಿಗೆ ಮಾತ್ರ, ಅಮ್ಮಾ. ಬಲಗಡೆ ನಗ್ತಾ ನಡೀತಿದ್ದೀನಲ್ಲ, ಅವತ್ತು ಹೊತ್ತೊತ್ತಿಗೂ ಮಾತ್ರೆ ನುಂಗಿದ್ದೆ."

ಡಾಕ್ಟರು ಮೈಕಿಗೆ ಕೈ ಹಾಕಿದರು. ತಂಗಿ ಆ ಕೈಯನ್ನು ತಳ್ಳಿದಳು.

ಮುಂದಿನ ಸಾಲಿನಲ್ಲಿದ್ದ ನರೆಗೂದಲಿನ ವೈದ್ಯೆಯೊಬ್ಬರು ಎದ್ದು ನಿಂತು ಬೆಲ್ಟ್ ಹುಡುಗಿಯನ್ನು ಕೇಳಿದರು. "ಇವರು ಹೇಳ್ತಿರೋದು ನಿಜಾನಾ?"

ಹುಡುಗಿ ಬೆಲ್ಟಿನ ಮೋಟಾರು ಆರಿಸಿದಳು. "ಹೌದು, ಮೇಡಂ," ಎಂದಳು.

ಡಾಕ್ಟರ ಮುಖದಿಂದ ರಕ್ತ ಇಳಿದುಹೋದದ್ದನ್ನು ಬೆರಳಚ್ಚಿನಮ್ಮ ಕಣ್ತುಂಬ ನೋಡಿದಳು. ಅಷ್ಟು ಸಿಹಿಯಾದದ್ದನ್ನು ಅವಳು ವರ್ಷಗಳಿಂದ ಕಂಡಿರಲಿಲ್ಲ.

ವಿಡಿಯೋ ಅಂದೇ ಮಾಯವಾಯಿತು. ತಿಂಗಳೊಳಗೆ ಡಾಕ್ಟರು ಕೇಂದ್ರ ಬಿಟ್ಟರು. ಕೇಂದ್ರಕ್ಕೆ ಬೀಗ ಬಿತ್ತು. ಒಂದು ಸಂಜೆ ಬೆಲ್ಟ್ ಹುಡುಗಿ ಅಂಗಡಿಗೆ ಬಂದು ನಿಂತಳು.

"ನನಗೆ ಕೆಲಸ ಹೋಯ್ತು, ಅದು ಬಿಡಿ. ಇನ್ನೂ ಏಳು ಜನ ಆ ಬೆಲ್ಟಲ್ಲಿ ನಡೀತಿದ್ರು. ಈಗ ಮಂಚ ಹಿಡಿದಿದ್ದಾರೆ. ಯಂತ್ರ ಸುಳ್ಳು ಹೇಳಿತ್ತಾ ದೊಡ್ಡಮ್ಮ?"

"ಇಲ್ಲ."

"ಮತ್ತೆ?"

"ಅವನನ್ನ ಹೊಡೆಯೋಕೆ ಕೈಗೆ ಸಿಕ್ಕಿದ್ದು ಅದೊಂದೇ ಕೋಲು. ಅವನ ವಿಷಯದಲ್ಲಿ ನನಗೆ ಒಂದಿಷ್ಟೂ ಬೇಜಾರಿಲ್ಲ. ನಿನ್ನ ವಿಷಯದಲ್ಲಿ ಇದೆ."

ಹುಡುಗಿ ಹೊರಟುಹೋದಳು.

ಮರುದಿನ ಬೆರಳಚ್ಚಿನಮ್ಮ ತಂಗಿಯ ಕಂಪ್ಯೂಟರಿನ ಮುಂದೆ ಕೂತಳು. ಸಭೆಯಲ್ಲಿ ಎದ್ದು ಕೇಳಿದ್ದ ವೈದ್ಯೆಗೆ ಪತ್ರ. ಮಾತ್ರೆಯಿದ್ದಾಗ ಎಷ್ಟು ಹೆಜ್ಜೆ, ಇಲ್ಲದಾಗ ಎಷ್ಟು. ಬೆಲ್ಟಿದ್ದಾಗ ಎಷ್ಟು, ಬಿಚ್ಚಿದ ಮೇಲೆ ಎಷ್ಟು. ಯಾವುದು ಮಾತ್ರೆಯ ಕೆಲಸ, ಯಾವುದು ಬೆಲ್ಟಿನದು. ನಡುಗುವ ಬೆರಳು ಒಂದಕ್ಷರವನ್ನು ಮೂರು ಸಲ ಒತ್ತುತ್ತಿತ್ತು. ಎರಡು ಪುಟಕ್ಕೆ ಒಂಬತ್ತು ದಿನ ಹಿಡಿಯಿತು.

ಐದು ತಿಂಗಳಾದ ಮೇಲೆ ಆ ವೈದ್ಯೆಯ ಆಸ್ಪತ್ರೆಗೆ ಎರಡು ಬೆಲ್ಟು ಬಂದವು. ಅವನ್ನು ನೋಡಿಕೊಳ್ಳಲು ಅದೇ ಹುಡುಗಿಯನ್ನು ಕರೆದರು. ಹಳೆಯ ಏಳು ಜನರಿಗೆ ಮೊದಲ ಸರದಿ. ಬೆರಳಚ್ಚಿನಮ್ಮನ ಸರದಿ ಬರುವಷ್ಟರಲ್ಲಿ ಅವಳ ಕಾಲು ಇನ್ನಷ್ಟು ಬಿಗಿದಿತ್ತು. ಹಿಂದಿನ ನಡಿಗೆ ಪೂರ್ತಿ ಮರಳಲಿಲ್ಲ.

ಹುಡುಗಿ ಬೆಲ್ಟು ಬಿಗಿಯುವ ಮುನ್ನ ಅವಳ ಮುಖ ನೋಡದೆ ತಂಗಿಯತ್ತ ತಿರುಗಿದಳು. "ಇವತ್ತು ಮಾತ್ರೆ ತಗೊಂಡಿದ್ದಾರಾ?"

"ನನ್ನನ್ನೇ ಕೇಳಬಹುದಲ್ಲ," ಎಂದಳು ಬೆರಳಚ್ಚಿನಮ್ಮ.

"ನಿಮ್ಮ ಮಾತು ನಂಬಲ್ಲ."

"ಸರಿ," ಎಂದು ಅವಳು ತೋಳೆತ್ತಿ ನಿಂತಳು. ಹುಡುಗಿ ಪಟ್ಟಿ ಬಿಗಿದಳು.